ಒಬ್ಬನಿಗಾಗಿ ಎಳ್ಳ ಅಮಾವಾಸ್ಯೆಯ ಅಡುಗೆ

ತಮ್ಮಾ,

ನೀನು ನನ್ನನ್ನು ಅಕ್ಕ ಎಂದು ಕರೆದು ಬರೆದಿರುವುದರಿಂದ ನಾನೂ ತಮ್ಮ ಎಂದೇ ಕರೆಯುತ್ತಿದ್ದೇನೆ. ಸಿಂಧನೂರಿನಿಂದ ಲೀಡ್ಸ್ ನಗರಕ್ಕೆ ಓದಲು ಬಂದು ನಿನಗೆ ಮೂರು ತಿಂಗಳಾಗಿದೆ. ನಾಲ್ವರೊಂದಿಗೆ ಒಂದೇ ಅಡುಗೆಮನೆಯನ್ನು ಹಂಚಿಕೊಂಡಿದ್ದೀಯ. ಈ ವರ್ಷ, 2025ರಲ್ಲಿ, ಡಿಸೆಂಬರ್ 19ರ ಶುಕ್ರವಾರ ಎಳ್ಳ ಅಮಾವಾಸ್ಯೆ. ಅಷ್ಟರಲ್ಲಿ ಆ ನಾಲ್ವರೂ ಕ್ರಿಸ್‌ಮಸ್‌ಗೆಂದು ತಮ್ಮ ತಮ್ಮ ಊರಿಗೆ ಹೋಗಿರುತ್ತಾರೆ. ಒಬ್ಬನೇ ಉಣ್ಣುವುದಕ್ಕಾಗಿ ಹೋಳಿಗೆ, ರೊಟ್ಟಿ, ಎಣ್ಣೆಗಾಯಿ ಎಂದು ಇಷ್ಟೆಲ್ಲ ಮಾಡುವುದರಲ್ಲಿ ಅರ್ಥವಿದೆಯೇ, ಅಥವಾ ಮುಂದಿನ ವಾರ ಪರಿಚಯದ ಕನ್ನಡಿಗರ ಮನೆಯಲ್ಲಿ ನಡೆಯುವ ಊಟಕ್ಕೆ ಹೋಗಿ ಬಂದರೆ ಸಾಕೇ ಎಂಬುದು ನಿನ್ನ ಪ್ರಶ್ನೆ.

ಆ ಊಟಕ್ಕೆ ಅವಶ್ಯ ಹೋಗು. ಆದರೆ ಹಬ್ಬದ ಅಡುಗೆಯನ್ನು ಹಬ್ಬದ ದಿನವೇ, ನಿನ್ನ ಒಲೆಯ ಮೇಲೆಯೇ ಮಾಡು. ಯಲಬುರ್ಗಾ ತಾಲ್ಲೂಕಿನ ಎರೆಹೊಲಗಳ ನಡುವಿನ ಒಂದು ಹಳ್ಳಿಯಿಂದ ನಾನು ಇಂಗ್ಲೆಂಡಿಗೆ ಬಂದು ಹದಿನೆಂಟು ವರ್ಷಗಳಾದವು. ಮೊದಲ ನಾಲ್ಕು ವರ್ಷ ನಾನೂ ಒಬ್ಬಳೇ ಇದ್ದೆ. ಮೊದಲ ವರ್ಷ ನನಗೆ ಗೊತ್ತಿದ್ದುದು ಅವ್ವನ ಅಳತೆ ಮಾತ್ರ. ಹೊಲಕ್ಕೆ ಬರುವ ಬೀಗರು, ಆಳುಮಕ್ಕಳು, ಓಣಿಯವರು ಎಲ್ಲರನ್ನೂ ಲೆಕ್ಕಕ್ಕೆ ಹಿಡಿದ ಆ ಅಳತೆಯಲ್ಲಿ ಬೇಳೆ ಬೇಯಿಸಿ, ಎಂಟು ದಿನ ಅದೇ ಹೋಳಿಗೆಯನ್ನು ಕೆಲಸದಿಂದ ಬಂದು ನಿಂತುಕೊಂಡೇ ತಿಂದೆ. ಕೊನೆಗೆ ಉಳಿದುದನ್ನು ಎಸೆದಾಗ ಅತ್ತುಬಿಟ್ಟೆ. ಎರಡನೆಯ ವರ್ಷ ಏನನ್ನೂ ಮಾಡಲಿಲ್ಲ. ಸಂಜೆ ಊರಿಗೆ ಫೋನು ಮಾಡಿದಾಗ ಅವ್ವ "ಏನು ಮಾಡಿದ್ದೆವ್ವಾ" ಎಂದು ಕೇಳಿದಳು. ಮಾಡಿದ್ದೇನೆ ಎಂದು ಸುಳ್ಳು ಹೇಳಿದೆ. ಆ ಸುಳ್ಳು ಹೋಳಿಗೆ ಎಸೆದುದಕ್ಕಿಂತ ಹೆಚ್ಚು ದಿನ ನನ್ನನ್ನು ಕಾಡಿತು. ಮೂರನೆಯ ವರ್ಷ ತಕ್ಕಡಿ ಕೊಂಡು, ಒಬ್ಬರ ಅಳತೆಯನ್ನು ಹೊಸದಾಗಿ ಕಲಿತೆ. ನಿನಗೆ ಬರೆಯುತ್ತಿರುವುದು ಆ ಅಳತೆಯನ್ನೇ.

ಒಬ್ಬನಿಗಾಗಿ ಎನ್ನುವ ಮಾತಿನ ಬಗ್ಗೆ ಒಂದಿಷ್ಟು ಹೇಳಬೇಕು. ನಮ್ಮ ಕಡೆಯವರ ಬಾಯಲ್ಲಿ ಎಳ್ಳಮಾಸಿಯಾಗುವ ಈ ಹಬ್ಬದಲ್ಲಿ ಅಡುಗೆಯನ್ನು ಉಣ್ಣುವವರ ತಲೆ ಎಣಿಸಿ ಮಾಡುವುದಿಲ್ಲ. ಬುಟ್ಟಿ ಹೊಲಕ್ಕೆ ಹೋದ ಮೇಲೆ ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ ಎಡೆ ಹಿಡಿಯುತ್ತೇವೆ. ಆಮೇಲೆ ಒಬ್ಬರು ಮುಂದೆ ನಡೆಯುತ್ತ ಹಿಂಗಾರಿ ಜೋಳದ ಸಾಲುಗಳಲ್ಲಿ ಚರಗ, ಎಂದರೆ ಹೊಲದ ಪಾಲಿನ ಅಡುಗೆ, ಚೆಲ್ಲಿದರೆ, ಹಿಂದಿನಿಂದ ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಬರುತ್ತಾರೆ. ಮೊದಲ ತುತ್ತು ಹೊಲದ್ದು; ಮನುಷ್ಯರ ಊಟ ಆಮೇಲಿನದು. ಹೀಗಿರುವಾಗ ನಾನೊಬ್ಬನೇ ಇದ್ದೇನೆ ಎಂಬ ಕಾರಣಕ್ಕೆ ಒಲೆ ಹಚ್ಚದೇ ಇದ್ದರೆ, ಆ ಮೊದಲ ತುತ್ತಿನ ಲೆಕ್ಕವೇ ಬಿಟ್ಟುಹೋಗುತ್ತದೆ. ನಾನು ಇಲ್ಲಿ ಪ್ರಮಾಣವನ್ನು ಎಷ್ಟೇ ಕಡಿಮೆ ಮಾಡಿದರೂ ಎಡೆಯನ್ನು ಮಾತ್ರ ಬಿಡಲಿಲ್ಲ.

ಬೇರೊಂದು ದಿನಕ್ಕೆ ಮುಂದೂಡಿದರಾಯಿತು ಎಂದು ಬಹಳ ಜನ ಹೇಳುತ್ತಾರೆ, ಅವರ ತೊಂದರೆಯೂ ನನಗೆ ತಿಳಿಯುತ್ತದೆ. ತಿಥಿ ಇಲ್ಲಿಯ ರಜೆಯನ್ನು ನೋಡಿಕೊಂಡು ಬರುವುದಿಲ್ಲ. 2024ರಲ್ಲಂತೂ ಒಂದೇ ವರ್ಷದೊಳಗೆ ಜನವರಿ 11ಕ್ಕೆ ಒಂದು, ಡಿಸೆಂಬರ್ 30ಕ್ಕೆ ಇನ್ನೊಂದು ಎಂದು ಎರಡು ಎಳ್ಳ ಅಮಾವಾಸ್ಯೆಗಳು ಬಂದವು, ಎರಡೂ ದಿನ ನನಗೆ ಕೆಲಸವಿತ್ತು. ಆದರೆ ಊರಿನವರು ಹೊಲದಲ್ಲಿ ಕುಳಿತು ಉಣ್ಣುವ ದಿನವೇ ನೀನೂ ಉಂಡರೆ ಮಾತ್ರ ಅದು ಅವರೊಂದಿಗೆ ಉಂಡಂತೆ. ಇದು ನನ್ನ ಅನುಭವ.

ಈಗ ಸಾಮಾನಿನ ವಿಷಯ. ಅಂಗಡಿಯಲ್ಲಿ ಸಜ್ಜೆ ಎಂದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿಯ ಬಹಳಷ್ಟು ಭಾರತೀಯ ಅಂಗಡಿಗಳು ಗುಜರಾತಿಗಳವು ಅಥವಾ ಪಂಜಾಬಿಗಳವು. ಆದ್ದರಿಂದ ಸಜ್ಜೆ ಹಿಟ್ಟನ್ನು ಬಾಜ್ರಿ ಎಂದೂ, ಜೋಳದ ಹಿಟ್ಟನ್ನು ಜುವಾರ್ ಎಂದೂ ಕೇಳಬೇಕು. ಸಜ್ಜೆ ಹಿಟ್ಟಿನ ಅತಿ ಚಿಕ್ಕ ಪೊಟ್ಟಣವನ್ನೇ ತೆಗೆದುಕೊ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು, ಬೀಸಿದ ಮೇಲೆ ಅದು ಬೇಗ ಕೆಟ್ಟು ಹಿಟ್ಟು ಕಹಿಯಾಗುತ್ತದೆ. ಮನೆಗೆ ಬಂದೊಡನೆ ಚಿಟಿಕೆ ಹಿಟ್ಟನ್ನು ನಾಲಿಗೆಯ ಮೇಲಿಟ್ಟು ನೋಡು. ಕಹಿ ಎನಿಸಿದರೆ ಎಷ್ಟೇ ಎಳ್ಳು ಹಚ್ಚಿದರೂ ರೊಟ್ಟಿ ಬಾಯಿಗೆ ಹಿಡಿಸದು. ಚೆನ್ನಾಗಿದ್ದರೆ ಉಳಿದ ಹಿಟ್ಟನ್ನು ಫ್ರೀಜರಿನಲ್ಲಿಡು. ತುಪ್ಪಕ್ಕಾಗಿ ಊರಿನವರಿಗೆ ಹೇಳಬೇಡ, ಭಾರತದಿಂದ ಹಾಲಿನ ಪದಾರ್ಥಗಳನ್ನು ಈ ದೇಶದೊಳಗೆ ತರುವಂತಿಲ್ಲ. ಇಲ್ಲಿ 250 ಗ್ರಾಮಿನ ಉಪ್ಪಿಲ್ಲದ ಬೆಣ್ಣೆ ಸಿಗುತ್ತದೆ. ಅದನ್ನು ಕಾಸಿದರೆ ಸುಮಾರು 200 ಗ್ರಾಂ ತುಪ್ಪವಾಗುತ್ತದೆ, ಕಾಸುವಾಗಿನ ಪರಿಮಳವೇ ನಿನ್ನ ಅಡುಗೆಮನೆಗೆ ಅರ್ಧ ಹಬ್ಬವನ್ನು ತರುತ್ತದೆ.

ಗುರೆಳ್ಳಿನ ಬಗ್ಗೆ ಒಂದು ಎಚ್ಚರಿಕೆ. ಇಲ್ಲಿ ತೋಟದ ಸಾಮಾನಿನ ಅಂಗಡಿಗಳಲ್ಲಿ ನೈಜರ್ ಎಂಬ ಹೆಸರಿನಲ್ಲಿ ಗುರೆಳ್ಳು ಚೀಲಗಟ್ಟಲೆ ಸಿಗುವುದನ್ನು ಕಂಡು ನನಗೆ ಮೊದಲ ಸಲ ಬಹಳ ಸಂತೋಷವಾಗಿತ್ತು. ಅದು ಹಕ್ಕಿಗಳಿಗೆಂದು ಮಾರುವ ಕಾಳು, ಮನುಷ್ಯರ ಆಹಾರಕ್ಕೆ ಸ್ವಚ್ಛ ಮಾಡಿದ್ದಲ್ಲ, ತರಬೇಡ. ಗುರೆಳ್ಳು ಪುಡಿ, ಶೇಂಗಾ ಪುಡಿ, ಕಡಕ್ ಸಜ್ಜೆ ರೊಟ್ಟಿ ಇವು ಕೆಡದೆ ಬಹಳ ದಿನ ಇರುವಂಥವು. ಯಾರಾದರೂ ಊರಿನಿಂದ ಬರುವವರಿದ್ದರೆ ತರಿಸಿಕೊ. ಪುಂಡಿಪಲ್ಯದ ಆಸೆಯನ್ನು ಈ ವರ್ಷಕ್ಕೆ ಬಿಡುವುದು ಒಳ್ಳೆಯದು. ತೆಲುಗರು ಗೋಂಗೂರ ಎನ್ನುವ ಅದೇ ಸೊಪ್ಪಿನ ಉಪ್ಪಿನಕಾಯಿ ಬಾಟಲಿಯಲ್ಲಿ ಸಿಗುತ್ತದೆ, ತಟ್ಟೆಯ ಅಂಚಿಗೆ ಒಂದು ಚಮಚೆ ಬಡಿಸಿಕೊಂಡರೆ ಸಾಕು.

ಹೋಳಿಗೆಗೆ ಕಡಲೆಬೇಳೆ ನೂರು ಗ್ರಾಂ, ಎಂದರೆ ಅಳೆಯುವ ಕಪ್ಪಿನಲ್ಲಿ ಅರ್ಧ. ಇದಕ್ಕಿಂತ ಕಡಿಮೆ ಮಾಡಲು ಹೋಗಬೇಡ. ಕಟ್ಟು ಸಾಲದೆ ಸಾರು ಆಗುವುದಿಲ್ಲ, ಸಾರಿಲ್ಲದ ಹೋಳಿಗೆಯ ಊಟವನ್ನು ನಮ್ಮವರು ಊಟವೆನ್ನುವುದಿಲ್ಲ. ಬೇಳೆಯನ್ನು ಒಂದು ತಾಸು ನೆನೆಸಿ, ಮೂರು ಕಪ್ಪು ನೀರಿನಲ್ಲಿ ತೆರೆದ ಪಾತ್ರೆಯಲ್ಲೇ ಬೇಯಿಸು. ಇಷ್ಟು ಸ್ವಲ್ಪ ಬೇಳೆ ಕುಕ್ಕರಿನಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಂಜಿಯಾಗಿ ಬಿಡುತ್ತದೆ, ಆಮೇಲೆ ಕಟ್ಟು ಬಸಿಯಲು ಬರುವುದಿಲ್ಲ. ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವ ಹದಕ್ಕೆ ಬಂದಾಗ ಕಟ್ಟನ್ನು ಬಸಿದಿಟ್ಟುಕೊಂಡು, ಬೇಳೆಗೆ ತೊಂಬತ್ತರಿಂದ ನೂರು ಗ್ರಾಂ ಬೆಲ್ಲ ಹಾಕಿ, ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗುವವರೆಗೆ ತಿರುವುತ್ತ ಬೇಯಿಸಬೇಕು. ನಾನು ಒಂದು ವರ್ಷ ಹೂರಣವನ್ನು ಮಿಕ್ಸಿಗೆ ಹಾಕಿದೆ. ಇಷ್ಟು ಸ್ವಲ್ಪಕ್ಕೆ ಅದರ ಅಲಗು ಹಿಡಿಯುವುದೇ ಇಲ್ಲ, ಸುತ್ತಲೂ ಎರಚಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಬಿಸಿ ಇರುವಾಗಲೇ ಜರಡಿಯ ಮೇಲೆ ಹಾಕಿ ಸೌಟಿನ ಬೆನ್ನಿನಿಂದ ಒತ್ತಿದರೆ ನುಣ್ಣಗೆ ಇಳಿಯುತ್ತದೆ. ಏಲಕ್ಕಿ, ಜಾಜಿಕಾಯಿಯನ್ನು ಆಮೇಲೆ ಸೇರಿಸು. ಈ ಹೂರಣವನ್ನು ಗುರುವಾರ ರಾತ್ರಿಯೇ ಮಾಡಿಡಬೇಕು. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಕಣಕಕ್ಕೆ ಎಪ್ಪತ್ತೈದು ಗ್ರಾಂ ಹಿಟ್ಟು ಸಾಕು, ಅರ್ಧ ಚಪಾತಿ ಹಿಟ್ಟು, ಅರ್ಧ ಮೈದಾ. ಇಲ್ಲಿಯ ಚಳಿಯಲ್ಲಿ ಕಣಕ ಬಿಗಿದುಕೊಳ್ಳುತ್ತದೆ, ಆದ್ದರಿಂದ ಊರಿನಲ್ಲಿ ಹಾಕುವುದಕ್ಕಿಂತ ಒಂದು ಚಮಚೆ ಎಣ್ಣೆ ಹೆಚ್ಚು ಹಾಕಿ, ಬೆಚ್ಚಗಿನ ಜಾಗದಲ್ಲಿ ಎರಡು ತಾಸು ಮುಚ್ಚಿಡು. ಈ ಅಳತೆಗೆ ಆರು ಹೋಳಿಗೆಗಳಾಗುತ್ತವೆ: ಎಡೆಗೆ ಒಂದು, ನಿನಗೆ ಎರಡು, ಉಳಿದ ಮೂರರ ನಡುವೆ ಕಾಗದವಿಟ್ಟು ಫ್ರೀಜರಿನಲ್ಲಿ ಇಟ್ಟರೆ ಸ್ನೇಹಿತರು ರಜೆ ಮುಗಿಸಿ ಬಂದಾಗ ಬಿಸಿ ಮಾಡಿ ಕೊಡಬಹುದು.

ಕಟ್ಟಿನ ಸಾರಿಗೆ ಬಸಿದಿಟ್ಟ ಕಟ್ಟು, ಒಂದು ಚಮಚೆ ಹೂರಣ, ಹುಣಸೆಹುಳಿ, ಮಸಾಲೆ ಖಾರ, ಹುರಿದು ಅರೆದ ಒಣಕೊಬ್ಬರಿ. ಒಗ್ಗರಣೆಗೆ ಬೆಳ್ಳುಳ್ಳಿ, ಕರಿಬೇವು. ಇದು ನಿನಗೆ ಬರುತ್ತದೆ ಎಂದು ಬರೆದಿದ್ದೀಯ, ಆದ್ದರಿಂದ ವಿವರಿಸುವುದಿಲ್ಲ. ಅನ್ನಕ್ಕೆ ಸೋನಾ ಮಸೂರಿಯನ್ನೇ ತೆಗೆದುಕೊ. ಸಿಂಧನೂರು, ಗಂಗಾವತಿಯ ಗದ್ದೆಗಳಲ್ಲಿ ತುಂಗಭದ್ರೆಯ ಕಾಲುವೆ ನೀರಿಗೆ ಬೆಳೆಯುವ ಆ ಅಕ್ಕಿಯ ಹೆಸರನ್ನು ಇಲ್ಲಿಯ ಚೀಲದ ಮೇಲೆ ಓದುವಾಗ ನನಗೆ ಈಗಲೂ ಮನೆಯವರನ್ನು ಕಂಡಂತಾಗುತ್ತದೆ.

ರೊಟ್ಟಿಯ ವಿಷಯದಲ್ಲಿ ನಿನಗೆ ಅಂಜಿಕೆಯಿದೆ ಎಂದು ತಿಳಿಯಿತು. ಸಜ್ಜೆ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಕುದಿಯುವ ಎಸರು ಹಾಕಿ ಕಲಸಿದರೆ ಮಾತ್ರ ಅದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಒಂದು ಕಪ್ಪು ಹಿಟ್ಟಿಗೆ ಮೂರು ರೊಟ್ಟಿಯಾಗುತ್ತವೆ. ಒಮ್ಮೆಗೆ ಒಂದು ರೊಟ್ಟಿಯಷ್ಟೇ ಹಿಟ್ಟನ್ನು ಅಂಗೈ ಬುಡದಿಂದ ಚೆನ್ನಾಗಿ ನಾದಿ, ಬಡಿದು, ಮೇಲೆ ಎಳ್ಳು ಒತ್ತು. ನಮ್ಮ ಮನೆಯ ತಗ್ಗಾದ ಹಂಚು ಇಲ್ಲಿಯ ವಿದ್ಯುತ್ ಒಲೆಗೆ ತಾಗುವುದಿಲ್ಲ, ತಳ ಸಪಾಟಾದ ಕಬ್ಬಿಣದ ತವೆಯೇ ಬೇಕು. ಬೆಂಕಿಯ ಮೇಲೆ ಉಬ್ಬಿಸಲು ಆಗದಿದ್ದರೂ, ತಿರುವಿಹಾಕಿದ ಮೇಲೆ ಮಡಿಸಿದ ಬಟ್ಟೆಯಿಂದ ಅಂಚುಗಳನ್ನು ಒತ್ತುತ್ತ ಬಂದರೆ ಚೆನ್ನಾಗಿಯೇ ಬೇಯುತ್ತದೆ. ತವೆಯ ಮೇಲೆ ಉದುರಿದ ಒಣಹಿಟ್ಟು ಸುಟ್ಟು ಹೊಗೆಯೇಳುತ್ತದೆ. ಪ್ರತಿ ರೊಟ್ಟಿಯ ನಂತರ ಅದನ್ನು ಒರೆಸು, ಕಿಟಕಿ ತೆರೆದಿರಲಿ, ಅಡುಗೆಮನೆಯ ಬಾಗಿಲು ಮುಚ್ಚಿರಲಿ. ಹೊರಗಿನ ಹಾದಿಯಲ್ಲಿರುವ ಹೊಗೆಯ ಗಂಟೆ ಬಾರಿಸೀತೆಂದು ಅದಕ್ಕೆ ಬಟ್ಟೆ ಕಟ್ಟುವ ಕೆಲಸವನ್ನು ಎಂದಿಗೂ ಮಾಡಬೇಡ. ಎಣ್ಣೆಗಾಯಿಗೆ ನಾಲ್ಕು ಚಿಕ್ಕ ಬದನೆಕಾಯಿ ಸಾಕು, ಅದು ಸಂಜೆಗೆ ಮಾಡಿದರಾಯಿತು.

ಚರಗದ ಬಗ್ಗೆ ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಮನೆಯ ಹಿಂದೆ ಒಂದಿಷ್ಟು ಮಣ್ಣಿದ್ದರೆ ಅಲ್ಲಿ ಹಾಕು, ಆದರೆ ಒಂದು ಹಿಡಿಗಿಂತ ಹೆಚ್ಚು ಬೇಡ; ಇಲ್ಲಿ ಇಲಿಗಳು ಬರುತ್ತವೆ, ನೆರೆಯವರು ಬೇಸರಪಟ್ಟರೆ ಅದು ನ್ಯಾಯವೇ. ನನಗೆ ಮೂರನೆಯ ವರ್ಷ ಮಣ್ಣೇ ಇರಲಿಲ್ಲ, ಮೂರನೆಯ ಮಹಡಿಯ ಕೋಣೆ. ಸೂಪರ್‌ಮಾರ್ಕೆಟಿನಲ್ಲಿ ಕುಂಡದಲ್ಲೇ ಮಾರುವ ಕೊತ್ತಂಬರಿ ಗಿಡವನ್ನು ತಂದು ಕಿಟಕಿಯಲ್ಲಿಟ್ಟು, ಅದರ ಬುಡಕ್ಕೆ ಹೋಳಿಗೆಯ ಒಂದು ಚೂರು, ಅನ್ನದ ನಾಲ್ಕು ಅಗಳು ಹಾಕಿ ನೀರು ಬಿಟ್ಟೆ. ಮಣ್ಣು ಎಷ್ಟಿದ್ದರೇನು, ಅದೂ ಹೊಲವೇ ಎಂದು ನಾನು ಮನಸಾರೆ ನಂಬಿದ್ದೆ, ಈಗಲೂ ನಂಬುತ್ತೇನೆ.

ಇನ್ನು ಹೊತ್ತಿನ ಲೆಕ್ಕ. ಇಲ್ಲಿ ಚಳಿಗಾಲದಲ್ಲಿ ನಾವು ಊರಿಗಿಂತ ಐದೂವರೆ ತಾಸು ಹಿಂದಿದ್ದೇವೆ. ನಿಮ್ಮ ಮನೆಯವರು ಹೊಲದಲ್ಲಿ ಚರಗ ಚೆಲ್ಲುವುದು ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಎಂದಿಟ್ಟುಕೊಂಡರೆ, ಇಲ್ಲಿ ಬೆಳಗಿನ ಏಳು, ಹೊರಗೆ ಇನ್ನೂ ಕತ್ತಲೆ. ಹೂರಣವನ್ನು ಹಿಂದಿನ ರಾತ್ರಿಯೇ ಮಾಡಿಡು ಎಂದುದು ಇದಕ್ಕಾಗಿಯೇ; ಕಣಕವನ್ನೂ ಆಗಲೇ ಮಾಡಿ ಎರಡನ್ನೂ ಫ್ರಿಜ್ಜಿನಲ್ಲಿಡು. ಐದಕ್ಕೆ ಎದ್ದೊಡನೆ ಕಣಕವನ್ನು ಹೊರಗೆ ತೆಗೆದಿಟ್ಟು, ಸ್ನಾನ ಮುಗಿಸಿ, ಒಂದು ಹಿಡಿ ಅನ್ನಕ್ಕಿಟ್ಟು, ಒಂದು ಹೋಳಿಗೆ, ಒಂದು ರೊಟ್ಟಿ ಮಾಡಿ ಎಡೆ ಸಿದ್ಧವಾಗಿಡು. ಉಳಿದ ಅಡುಗೆ ಕಾಲೇಜಿನಿಂದ ಬಂದ ಮೇಲೆ ಆಗಲಿ. ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಮುಂದೆ ನಿನಗೆ ಉದ್ದನೆಯ ಸಂಜೆಯಿದೆ.

ಏಳಕ್ಕೆ ಫೋನು ಮಾಡಿ, ಕಿವಿಯ ಹತ್ತಿರ ಹಿಡಿಯದೆ ಜೋರು ದನಿಗೆ ಹಾಕಿ, ಎಡೆಯ ಪಕ್ಕದಲ್ಲಿಡು. ಚರಗ ಚೆಲ್ಲುವಾಗ ನಮ್ಮ ಕಡೆ ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗಿದರೆ ಇನ್ನೊಬ್ಬರು "ಚಲ್ಲಂಬರಿಗೋ" ಎಂದು ಓಗೊಡುವುದು ನಿನಗೆ ಗೊತ್ತೇ ಇದೆ. ಇಡೀ ಹಬ್ಬದಲ್ಲಿ ಒಬ್ಬರಿಂದ ಆಗದ ಕೆಲಸವೆಂದರೆ ಅದೊಂದೇ. ನನ್ನಪ್ಪ ಬದುಕಿರುವವರೆಗೂ ಹೊಲದಿಂದ ಮೊದಲ ಅರ್ಧವನ್ನು ಕೂಗುತ್ತಿದ್ದರು, ನಾನು ಇಲ್ಲಿಂದ ಉಳಿದರ್ಧವನ್ನು ಕೂಗುತ್ತಿದ್ದೆ. ಈಗ ನನ್ನ ಒಡಹುಟ್ಟಿದ ತಮ್ಮ ಅಲ್ಲಿಂದ ಕೂಗುತ್ತಾನೆ. ಗುರುವಾರವೇ ನಿಮ್ಮಪ್ಪನಿಗೆ ಹೇಳಿಡು, ಹೊಲಕ್ಕೆ ಹೋಗುವ ಅವಸರದಲ್ಲಿ ಅವರು ಫೋನನ್ನು ಮನೆಯಲ್ಲೇ ಬಿಟ್ಟು ಹೋದಾರು.

ಇತಿ,
ನಿನ್ನ ಅಕ್ಕ