ಕಾಸರಗೋಡಿನ ಕನ್ನಡ ಶಾಲೆಯ ಅಂಕಿಗಳನ್ನು ಓದುವ ಬಗೆ

ನಾಲ್ಕನೇ ತರಗತಿಯಲ್ಲಿ ಎಂಟೇ ಮಕ್ಕಳು, ಐದನೇ ತರಗತಿಯ ಕಾಲಂ ಖಾಲಿ, ಅರ್ಧ ಮಕ್ಕಳಿಗೆ ಕನ್ನಡದಲ್ಲೇ 'ಸಿ' ಗ್ರೇಡ್. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಒಂದು ಕನ್ನಡ ಶಾಲೆಯ ಯುಡೈಸ್ ವರದಿಯನ್ನೂ (ದೇಶದ ಶಾಲೆಗಳ ಅಂಕಿಅಂಶ ದಾಖಲೆ) ಗ್ರೇಡುಗಳನ್ನೂ ನೋಡಿ, ಹಾಗಾದರೆ ಶಾಲೆ ಮುಚ್ಚುವ ಹಂತಕ್ಕೆ ಬಂದಿದೆಯೇ ಎಂದು ಕೇಳಿದ್ದೀರಿ. ಈ ಮೂರೂ ಬೇರೆ ಬೇರೆ ಸಂಗತಿಗಳು. ಅವುಗಳಲ್ಲಿ ಐದನೇ ತರಗತಿಯದ್ದು ಸಮಸ್ಯೆಯೇ ಅಲ್ಲ. ಕರ್ನಾಟಕದಲ್ಲಿ ಕಿರಿಯ ಪ್ರಾಥಮಿಕ ಎಂದರೆ ಒಂದರಿಂದ ಐದು. ಕೇರಳದಲ್ಲಿ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆ ನಾಲ್ಕಕ್ಕೇ ಮುಗಿಯುತ್ತದೆ. ಐದರಿಂದ ಏಳು ಯುಪಿ (ಹಿರಿಯ ಪ್ರಾಥಮಿಕ), ಎಂಟರಿಂದ ಹತ್ತು ಹೈಸ್ಕೂಲು. ಆದ್ದರಿಂದ ನಾಲ್ಕು ಮುಗಿದ ಮಗು ಟಿಸಿ ತೆಗೆದುಕೊಂಡು ಹೋಗಲೇಬೇಕು. ಕೇಳಬೇಕಾದ ಪ್ರಶ್ನೆ, ಹೋದದ್ದು ಎಲ್ಲಿಗೆ ಎಂಬುದು. ಹತ್ತಿರದ ಕನ್ನಡ ಯುಪಿ ಶಾಲೆ ದೂರವಿದ್ದು, ಬಸ್ಸಿಗೆ ಮೂರು ಮೈಲಿ ನಡೆಯಬೇಕಾದ ಕಡೆ ಮಗು ಅಲ್ಲಿಗೇ ಕನ್ನಡ ಮಾಧ್ಯಮ ಬಿಡುತ್ತದೆ. ಅದು ಯಾವ ತಖ್ತೆಯಲ್ಲೂ 'ಶಾಲೆ ಬಿಟ್ಟವರು' ಎಂದು ಕಾಣುವುದಿಲ್ಲ, ಯಾಕೆಂದರೆ ಮಗು ಬಿಟ್ಟದ್ದು ಮಾಧ್ಯಮವನ್ನು ಮಾತ್ರ.

ಮೊದಲು ಶಾಲೆ ಯಾವ ಬಗೆಯದ್ದು ನೋಡಿಕೊಳ್ಳಿ. ಹೆಸರಿನ ಮೊದಲು ಜಿಎಲ್‌ಪಿಎಸ್ ಇದ್ದರೆ ಸರಕಾರಿ, ಎಎಲ್‌ಪಿಎಸ್ ಇದ್ದರೆ ಐಡೆಡ್ (ಅನುದಾನಿತ). ಐಡೆಡ್ ಶಾಲೆಯ ಶಿಕ್ಷಕರನ್ನು ನೇಮಿಸುವುದು ಮ್ಯಾನೇಜರು, ಸಂಬಳ ಕೊಡುವುದು ಸರಕಾರ. ಎರಡರಲ್ಲೂ ಮಕ್ಕಳಿಗೆ ಫೀಸಿಲ್ಲ, ಪಠ್ಯ ಒಂದೇ. ಆದರೆ ಒಂದೇ ಕಂಪೌಂಡಿನೊಳಗೆ ಕನ್ನಡ ಡಿವಿಜನ್, ಮಲಯಾಳ ಡಿವಿಜನ್, ಕೆಲವು ಕಡೆ ಇಂಗ್ಲಿಷ್ ಡಿವಿಜನ್ ಕೂಡ ಇರುತ್ತದೆ. ಶಾಲೆಯಲ್ಲಿ 180 ಮಕ್ಕಳಿದ್ದಾರೆ ಎಂದು ಸಂತೋಷಪಟ್ಟು ಒಳಗೆ ಹೋದರೆ ಕನ್ನಡದವರು 25 ಇರಬಹುದು. ಶಾಲೆಯ ಒಟ್ಟು ಸಂಖ್ಯೆ ಗಡಿನಾಡಿನಲ್ಲಿ ಏನನ್ನೂ ಹೇಳುವುದಿಲ್ಲ, ಮಾಧ್ಯಮವಾರು ಕೇಳಿ.

ಎಣಿಕೆಯೂ ಒಂದಲ್ಲ. ಜೂನ್‌ನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ ಆ ವರ್ಷದ ಹುದ್ದೆಗಳು ತೀರ್ಮಾನವಾಗುತ್ತವೆ. ಈ ಲೆಕ್ಕ 'ಸಂಪೂರ್ಣ' ಎಂಬ ತಂತ್ರಾಂಶದಲ್ಲಿ ಆಧಾರ್ ಸಹಿತ ದಾಖಲಾಗುತ್ತದೆ. ನೀವು ನೋಡಿದ ಯುಡೈಸ್ ವರದಿಯ ಲೆಕ್ಕ ಸೆಪ್ಟೆಂಬರ್ 30ರದ್ದು. ನಡುವೆ ಮೂರು ತಿಂಗಳ ಮಳೆ, ಬಾಡಿಗೆ ಮನೆ ಬದಲಾವಣೆ, ಟಿಸಿ. ಎರಡೂ ಸಂಖ್ಯೆ ಹೊಂದದಿದ್ದರೆ ಯಾರೋ ಸುಳ್ಳು ಬರೆದಿದ್ದಾರೆ ಎಂದುಕೊಳ್ಳಬೇಡಿ. ಅಂದಹಾಗೆ, ಏಪ್ರಿಲ್‌-ಮೇಯಲ್ಲಿ ಟೀಚರುಗಳು ಬಿಸಿಲಲ್ಲಿ ಮನೆಮನೆ ಹತ್ತಿಳಿಯುವುದು ಈ ಆರನೇ ದಿನಕ್ಕಾಗಿಯೇ. ಮಕ್ಕಳನ್ನು ಕರೆತರುವ ವ್ಯಾನಿನ ಬಾಡಿಗೆಗೆ ಪಿಟಿಎ (ಹೆತ್ತವರ-ಶಿಕ್ಷಕರ ಸಂಘ) ಜೊತೆ ಶಿಕ್ಷಕರೂ ಕೈಯಿಂದ ಹಾಕುವುದು ಇಲ್ಲಿ ಹೊಸತಲ್ಲ.

ಪ್ರತಿ ತರಗತಿಗೆ ಸರಾಸರಿ 15ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಯನ್ನು ಕೇರಳದಲ್ಲಿ 'ಅನ್‌ಇಕನಾಮಿಕ್' (ಖರ್ಚಿಗೆ ತಕ್ಕಷ್ಟು ಮಕ್ಕಳಿಲ್ಲದ ಶಾಲೆ) ಪಟ್ಟಿಗೆ ಹಾಕುತ್ತಾರೆ. ನಾಲ್ಕು ತರಗತಿಯ ಎಲ್‌ಪಿಗೆ ಅಂದರೆ 60ಕ್ಕಿಂತ ಕಡಿಮೆ ಮಕ್ಕಳು. ಈ ಪಟ್ಟಿಗೆ ಸೇರಿದ ಕೂಡಲೇ ಬೀಗ ಬೀಳುವುದಿಲ್ಲ. ಮುಖ್ಯ ಪೆಟ್ಟು ಹುದ್ದೆಗೆ. ಟೀಚರು ಕಡಿಮೆಯಾದರೆ ಎರಡು ತರಗತಿ ಒಟ್ಟಿಗೆ ಕೂರುತ್ತವೆ, ಅದನ್ನು ನೋಡಿ ಇನ್ನೆರಡು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ.

ಈಗ ಮಕ್ಕಳು ಯಾರು ಎಂಬುದಕ್ಕೆ ಬರೋಣ. ವಿಷಯದ ತಿರುಳೇ ಇಲ್ಲಿದೆ. ಯುಡೈಸ್ ವರದಿ ಗಂಡು-ಹೆಣ್ಣು, ಸಾಮಾಜಿಕ ವರ್ಗ, ಅಲ್ಪಸಂಖ್ಯಾತ, ವಿಶೇಷ ಅಗತ್ಯ ಎಂದು ವಿಂಗಡಿಸುತ್ತದೆ. ಮನೆಯಲ್ಲಿ ಯಾವ ಭಾಷೆ ಎಂದು ಕಾಣುವಂತೆ ಹೇಳುವುದಿಲ್ಲ. 'ಕನ್ನಡ ಮಾಧ್ಯಮ' ಎಂಬ ಒಂದೇ ತಲೆಬರಹದ ಕೆಳಗೆ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ, ಕೊರಗ ಭಾಷೆಯ ಮನೆಗಳು ಬರುತ್ತವೆ. ಉಪ್ಪಳದ ಕಡೆ ಉರ್ದು ಮನೆಗಳೂ ಇವೆ. ಪುಸ್ತಕದ ಕನ್ನಡ ಇವರಲ್ಲಿ ಬಹುಪಾಲು ಮಕ್ಕಳಿಗೆ ಎರಡನೇ ಮಾತು. ಬೆಂಗಳೂರಿನ ಕನ್ನಡ ಶಾಲೆಯ ಜೊತೆ ಭಾಷಾ ಗ್ರೇಡ್ ಹೋಲಿಸಿದರೆ ಲೆಕ್ಕ ತಪ್ಪುವುದು ಇಲ್ಲೇ.

ತಪ್ಪುಗಳನ್ನು ನೋಡಿದರೆ ಮನೆ ಯಾವುದೆಂದು ಗೊತ್ತಾಗುತ್ತದೆ. ತುಳು ಮನೆಯ ಮಗುವಿಗೆ ಮಹಾಪ್ರಾಣ ಕಿವಿಯಲ್ಲಿ ಇಲ್ಲ. 'ಧನ' ಬರೆಸಿದರೆ 'ದನ' ಬರೆಯುತ್ತದೆ. ಇದು ಕೇಳಿ ಬರೆಯುವ ಉಕ್ತಲೇಖನದಲ್ಲಿ ಅಂಕ ಕಳೆಯುತ್ತದೆ, ಗ್ರಹಿಕೆಯಲ್ಲಲ್ಲ. ಮಲಯಾಳದಲ್ಲಿ ಕ್ರಿಯಾಪದಕ್ಕೆ ಲಿಂಗ-ವಚನದ ಬಾಲ ಇಲ್ಲ, ಅವನಾಗಲಿ ಅವಳಾಗಲಿ ಅವರಾಗಲಿ ಒಂದೇ ರೂಪ. ಹಾಗಾಗಿ ಆ ಮನೆಯ ಮಗು 'ಅವಳು ಬಂದನು' ಎಂದು ಬರೆದರೆ ಆಶ್ಚರ್ಯವಿಲ್ಲ. ಹವ್ಯಕ ಮನೆಯ ಮಗು ಕನ್ನಡವೇ ಆಡಿಯೂ 'ಅಕ್ಕ ಬಂತು' ಎಂದು ಬರೆಯುತ್ತದೆ, ಮನೆಮಾತಿನಲ್ಲಿ ಹೆಂಗಸರಿಗೂ ನಪುಂಸಕಲಿಂಗವೇ. ಈ ಮೂರನ್ನೂ ಒಂದೇ ಕೆಂಪು ಗೆರೆಯಲ್ಲಿ ತಿದ್ದುವ ಟೀಚರಿಗೂ, ಪ್ರತಿಯೊಂದಕ್ಕೂ ಬೇರೆ ಅಭ್ಯಾಸ ಕೊಡುವ ಟೀಚರಿಗೂ ನಡುವಿನ ಅಂತರ ಯಾವ ವರದಿಯಲ್ಲೂ ಬರುವುದಿಲ್ಲ.

ಗಣಿತದಲ್ಲೂ ಇದೇ ಕಥೆ. ಕೇರಳದ ಎಸ್‌ಸಿಇಆರ್‌ಟಿ (ಪಠ್ಯ ರೂಪಿಸುವ ರಾಜ್ಯ ಸಂಸ್ಥೆ) ಪುಸ್ತಕಗಳಲ್ಲಿ ಬರೀ ಕೂಡು-ಕಳೆ ಲೆಕ್ಕ ಕಡಿಮೆ, ಸನ್ನಿವೇಶ ಓದಿ ಬಿಡಿಸುವುದು ಹೆಚ್ಚು. ಕನ್ನಡ ಮಾಧ್ಯಮದ ಗಣಿತ ಪುಸ್ತಕ ಅನುವಾದವಾಗಿ ಬರುತ್ತದೆ. ಮಗು 'ಡಿ' ತಂದರೆ ಒಂದು ಸರಳ ಪರೀಕ್ಷೆ ಮಾಡಿ: ಅದೇ ಲೆಕ್ಕವನ್ನು ಬಾಯಿಮಾತಿನಲ್ಲಿ, ಮಗುವಿನ ಮನೆಮಾತಿನಲ್ಲಿ ಕೇಳಿ. ಬಿಡಿಸಿದರೆ ಕೊರತೆ ಓದಿನದ್ದು. ಬಿಡಿಸದಿದ್ದರೆ ಸಂಖ್ಯೆಯನ್ನಷ್ಟೇ ಬರೆದು ಕೊಡಿ. ಆಗಲೂ ಆಗದಿದ್ದರೆ ಮಾತ್ರ ಗಣಿತದ್ದು.

ಗ್ರೇಡಿನ ಮೆಟ್ಟಿಲು ನೆನಪಿಟ್ಟುಕೊಳ್ಳಿ. ಈ ತರಗತಿಗಳಲ್ಲಿ 75ರ ಮೇಲೆ 'ಎ', 60ರಿಂದ 'ಬಿ', 45ರಿಂದ 'ಸಿ', 33ರಿಂದ 'ಡಿ', ಅದಕ್ಕಿಂತ ಕೆಳಗೆ 'ಇ'. 45 ಬಂದವನೂ 59 ಬಂದವನೂ ಒಂದೇ 'ಸಿ'. ವರ್ಷಕ್ಕೆ ಓಣಂ, ಕ್ರಿಸ್ಮಸ್, ವಾರ್ಷಿಕ ಎಂದು ಮೂರು ಪರೀಕ್ಷೆ. ಒಂದನ್ನು ಮಾತ್ರ ನೋಡಿ ತೀರ್ಪು ಕೊಡಬೇಡಿ. ಎಂಟು ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ಶೇ. 12.5. ಪರೀಕ್ಷೆಯ ದಿನ ಇಬ್ಬರಿಗೆ ಜ್ವರ ಬಂದರೆ ಶಾಲೆಯ 'ಸಾಧನೆ' ಕಾಲುಭಾಗ ಬಿದ್ದ ಹಾಗೆ ಕಾಣುತ್ತದೆ. ಇಷ್ಟು ಸಣ್ಣ ತರಗತಿಗೆ ಶೇಕಡಾ ಹಾಕುವುದೇ ತಪ್ಪು, ಮಕ್ಕಳನ್ನು ಹೆಸರು ಹಿಡಿದು ಮೂರು ವರ್ಷ ಹಿಂಬಾಲಿಸಬೇಕು. ಫ್ಲೆಕ್ಸಿನಲ್ಲಿ ಹಾಕುವ ಎಲ್‌ಎಸ್‌ಎಸ್ ವಿಜೇತರ ಫೋಟೋವನ್ನೂ ಹಾಗೆಯೇ ನೋಡಿ. ನಾಲ್ಕನೇ ತರಗತಿಯ ಆ ವಿದ್ಯಾರ್ಥಿವೇತನ ಪರೀಕ್ಷೆಗೆ ಕೂರುವುದು ಚೆನ್ನಾಗಿ ಓದುವ ಮಕ್ಕಳು. ತಳದ ಮಕ್ಕಳು ಹೇಗಿದ್ದಾರೆಂದು ಅದು ಹೇಳುವುದಿಲ್ಲ.

ಸಾಮಾಜಿಕ ವರ್ಗದ ಕಾಲಂನಲ್ಲೂ ಗಡಿನಾಡಿನ ಎರಡು ಹೊಂಡಗಳಿವೆ. ಮರಾಟಿ ಸಮುದಾಯ ಕೇರಳದಲ್ಲಿ ಕೆಲವು ವರ್ಷ ಪರಿಶಿಷ್ಟ ಪಂಗಡದ ಪಟ್ಟಿಯಿಂದ ಹೊರಗಿದ್ದು ಮತ್ತೆ ಸೇರಿತು. ಹಳೆಯ ದಾಖಲೆಯ ಜೊತೆ ಹೋಲಿಸಿದರೆ ಪಂಗಡದ ಮಕ್ಕಳು ಇದ್ದಕ್ಕಿದ್ದಂತೆ ಹೆಚ್ಚಾದಂತೆ ಕಾಣುವುದು ಅದಕ್ಕೆ. ಹೊಸ ಮಕ್ಕಳು ಬಂದದ್ದಲ್ಲ. ಕೊರಗ ಮಕ್ಕಳು ಇದೇ ಕಾಲಂನಲ್ಲಿ ಕರಗಿಹೋಗುತ್ತಾರೆ, ಆದರೆ ಹಾಜರಾತಿಯ ಸಮಸ್ಯೆ ಅವರದ್ದೇ ಬೇರೆ. ಒಟ್ಟು ಸರಾಸರಿ ಬೇಡ, ಅವರದ್ದನ್ನು ಪ್ರತ್ಯೇಕ ಕೇಳಿ. ವಿಶೇಷ ಅಗತ್ಯದ ಕಾಲಂನಲ್ಲಿ ಇನ್ನೊಂದು ಹೊಂಡವಿದೆ, ಅದು ಎಣ್ಮಕಜೆಯಂಥ, ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತವಾದ ಪಂಚಾಯತಿಗಳದ್ದು. ಅಲ್ಲಿ ವಿಶೇಷ ಅಗತ್ಯದ ಮಕ್ಕಳಲ್ಲಿ ಹಲವರು ಅಂಥವರಿಗಾಗಿಯೇ ಇರುವ ಬಡ್ಸ್ ಶಾಲೆಗೆ ಹೋಗುತ್ತಾರೆ. ಎಲ್‌ಪಿ ಶಾಲೆಯ ಕಾಲಂನಲ್ಲಿ ಸೊನ್ನೆ ಇದ್ದರೆ ಊರಲ್ಲಿ ಅಂಥ ಮಕ್ಕಳಿಲ್ಲ ಎಂದರ್ಥವಲ್ಲ.

ಶಿಕ್ಷಕರ ವಿಷಯದಲ್ಲಿ ಸರಕಾರಿ ಮತ್ತು ಐಡೆಡ್ ಶಾಲೆಗಳ ದಾರಿ ಬೇರೆಯಾಗುತ್ತದೆ. ಐಡೆಡ್ ಶಾಲೆಯ ಕನ್ನಡ ಟೀಚರು ಸಾಮಾನ್ಯವಾಗಿ ಊರಿನವರೇ. ಸರಕಾರಿ ಶಾಲೆಗೆ ಪಿಎಸ್‌ಸಿ (ಲೋಕಸೇವಾ ಆಯೋಗ) ಮೂಲಕ ಬರುವವರಲ್ಲಿ ಕನ್ನಡ ಸರಿಯಾಗಿ ಬಾರದವರು ಕನ್ನಡ ಹುದ್ದೆಗೆ ಬಂದದ್ದುಂಟು. ಅದರ ವಿರುದ್ಧ ಹೆತ್ತವರು, ಮಕ್ಕಳು ಧರಣಿ ಕೂತದ್ದೂ ಉಂಟು. ಹುದ್ದೆ ಖಾಲಿಯಿದ್ದರೆ ದಿನವೇತನದವರು ತುಂಬುತ್ತಾರೆ. ಕಾಗದದಲ್ಲಿ ಹುದ್ದೆ ಭರ್ತಿ, ತರಗತಿಯಲ್ಲಿ ಪಾಠ ಅರ್ಧ ಮಲಯಾಳ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯದ ಕಾನೂನು ಬಂದಾಗ ಇಲ್ಲಿ ಗಲಾಟೆಯಾದದ್ದು ಮಲಯಾಳದ ಮೇಲಿನ ಸಿಟ್ಟಿನಿಂದಲ್ಲ. ಹೆಚ್ಚಿನ ಮಕ್ಕಳು ಅದನ್ನು ಬೀದಿಯಲ್ಲೇ ಕಲಿಯುತ್ತಾರೆ. ಇರುವ ಕನ್ನಡದ ಪೀರಿಯಡ್ ಎಲ್ಲಿ ಕರಗುತ್ತದೋ ಎಂಬ ಅಂಜಿಕೆ ಅದು.

ಶಾಲೆಗೆ ನೀವೇ ಹೋಗುವುದಾದರೆ ಎಚ್‌ಎಂ (ಮುಖ್ಯ ಶಿಕ್ಷಕರು) ಅವರ ಬಳಿ ರಿಸಲ್ಟ್ ಕೇಳಬೇಡಿ. ಐದು ವರ್ಷದ ಆರನೇ ದಿನದ ಲೆಕ್ಕವನ್ನು ಮಾಧ್ಯಮವಾರು ಕೇಳಿ. ನಾಲ್ಕನೇ ತರಗತಿಯಿಂದ ಹೋದವರ ಟಿಸಿ ಯಾವ ಯಾವ ಶಾಲೆಗೆ ಹೋಗಿದೆ ನೋಡಿ. ಕನ್ನಡ ಯುಪಿಗೆ ಎಷ್ಟು, ಇಂಗ್ಲಿಷ್ ಮಾಧ್ಯಮಕ್ಕೆ ಎಷ್ಟು, ತಲಪಾಡಿ ಗಡಿ ದಾಟಿ ಆಚೆ ಕರ್ನಾಟಕಕ್ಕೆ ಎಷ್ಟು. ಮೂರನೇ ತರಗತಿಯ ಕನ್ನಡ ಟೀಚರು ಎಂದಿನಿಂದ ಇದ್ದಾರೆ, ಖಾಯಂ ಹೌದೋ ಅಲ್ಲವೋ ಕೇಳಿ. ಆಮೇಲೆ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಳದಲ್ಲಿ ನಿಂತು ಮಕ್ಕಳು ತಮ್ಮತಮ್ಮೊಳಗೆ ಯಾವ ಭಾಷೆ ಆಡುತ್ತಾರೆ ಕೇಳಿಸಿಕೊಳ್ಳಿ. ಜೂನ್ ಮೊದಲ ವಾರದಲ್ಲಿ ಮಾತ್ರ ಹೋಗಬೇಡಿ, ಆಗ ಯಾರಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತಿರುವುದಿಲ್ಲ.