“ನರ ಕಿತ್ರೆ ಕಾಲು ಹೋಗ್ತು ಅಲ್ದನೇ?”

ಕಾಲಿನ ನರ ಉಬ್ಬಿದೆ, ಅಂದರೆ ವೆರಿಕೋಸ್ ವೇನ್ ಇದೆ ಎಂದು ಯಾರೂ ಆಪ್ತಸಲಹೆಗೆ ಬರುವುದಿಲ್ಲ. ನಿದ್ದೆ ಇಲ್ಲ, ಸಿಟ್ಟು ಜಾಸ್ತಿ, ಕೆಲಸಕ್ಕೆ ಹೋಗುತ್ತಿಲ್ಲ ಎಂದು ಬರುತ್ತಾರೆ. ಮಾತಾಡುತ್ತಾ ಹೋದರೆ ಕಾಲಿನ ವಿಷಯ ಹೊರಗೆ ಬೀಳುತ್ತದೆ. ಶಿರಸಿಯಲ್ಲಿ ಕುಳಿತು ಇಂಥ ನಾಲ್ಕೈದು ಮಂದಿಯನ್ನು ನೋಡಿದ್ದೇನೆ. ಒಬ್ಬರು ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರು, ಇನ್ನೊಬ್ಬರು ಟೀಚರ್. ಎಲ್ಲರೂ ಹೆದರಿದ್ದು ಒಂದೇ ಮಾತಿಗೆ.

ಅವರಲ್ಲಿ ಒಬ್ಬರನ್ನು ಭಟ್ಟರು ಎನ್ನೋಣ. ಶಿರಸಿ ಪೇಟೆಯಲ್ಲಿ ‘ಭಟ್ರೇ’ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ, ಹಾಗಾಗಿ ಗುರುತು ಸಿಗುವ ಭಯವಿಲ್ಲ. ಐವತ್ತು ದಾಟಿದವರು. ಮದುವೆ, ಮುಂಜಿಯ ಅಡುಗೆಯವರು. ಕರೆದುಕೊಂಡು ಬಂದವರು ಹೆಂಡತಿ. ಎರಡು ಸೀಸನ್‌ನಿಂದ ದೊಡ್ಡ ಅಡುಗೆ ಒಪ್ಪಿಕೊಳ್ಳುತ್ತಿಲ್ಲ, ಮಾತಾಡಿಸಿದರೆ ರೇಗುತ್ತಾರೆ, ಮನಸ್ಸಿಗೆ ಏನೋ ಆಗಿದೆ ಎಂದರು.

ಮೊದಲ ಎರಡು ಭೇಟಿಯಲ್ಲಿ ನಾನೂ ಮನಸ್ಸನ್ನೇ ಕೆದಕಿದೆ. ಜೀವಮಾನವಿಡೀ ಪಂಚೆ ಉಟ್ಟ ಮನುಷ್ಯ ಏಪ್ರಿಲ್ ಸೆಕೆಯಲ್ಲಿ ಪ್ಯಾಂಟು ಹಾಕಿಕೊಂಡು ಬರುತ್ತಿದ್ದಾರೆ ಎಂಬುದು ಕಣ್ಣಿಗೆ ಬಿದ್ದದ್ದು ಮೂರನೇ ಸಲ. ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಎಡಗಾಲಿನ ಪ್ಯಾಂಟು ಮೇಲೆತ್ತಿದರು. ಮೊಣಕಾಲಿನ ಕೆಳಗೆ ನೀಲಿ ಹಗ್ಗ ಸುತ್ತಿಟ್ಟ ಹಾಗೆ ಉಬ್ಬು. ಪಾದದ ಗಂಟಿನ ಒಳಬದಿ ಚರ್ಮ ಕಪ್ಪಾಗಿ ಬಿರುಸಾಗಿತ್ತು. ಅಲ್ಲೇ ಎಂಟಾಣೆ ಅಗಲದ ಹುಣ್ಣು, ಏಳು ತಿಂಗಳಿಂದ ಮಾಗಿರಲಿಲ್ಲ. ನಂಜು ಎಂದು ಯಾರೋ ಹೇಳಿದ್ದಕ್ಕೆ ಬದನೆಕಾಯಿ ಬಿಟ್ಟಿದ್ದರು, ಸೊಪ್ಪು ಅರೆದು ಹಚ್ಚಿದ್ದರು. ಅಡುಗೆಯವನ ಕಾಲಲ್ಲಿ ಹುಣ್ಣು ಎಂದು ಸುದ್ದಿಯಾದರೆ ಯಾರು ಕರೆಯುತ್ತಾರೆ? ಅದಕ್ಕೇ ಪ್ಯಾಂಟು, ಅದಕ್ಕೇ ಮನೆಯಲ್ಲಿ ಕುಳಿತದ್ದು. ರಾತ್ರಿ ಮೀನಖಂಡ ಹಿಡಿದುಕೊಂಡು ನಿದ್ದೆಯೂ ಹೋಗಿತ್ತು.

ಡಾಕ್ಟರಿಗೆ ತೋರಿಸಿರಲಿಲ್ಲವೇ? ತೋರಿಸಿದ್ದರು. ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಆಪರೇಷನ್ ಬೇಕಾಗಬಹುದು ಎಂದಿದ್ದರಂತೆ. ಆ ಚೀಟಿ ದೇವರ ಗೂಡಿನಲ್ಲಿ ಉಳಿದಿತ್ತು. ಯಾಕೆ ಹೋಗಲಿಲ್ಲ ಎಂದೆ. ಅಲ್ಲಿಯವರೆಗೆ ‘ಮೇಡಂ’ ಎನ್ನುತ್ತಿದ್ದವರು ಮನೆಮಾತಿಗೆ ಇಳಿದರು.

“ನರ ಕಿತ್ರೆ ಕಾಲು ಹೋಗ್ತು ಅಲ್ದನೇ ತಂಗಿ? ಮತ್ತೆ ಒಲೆ ಮುಂದೆ ನಿಲ್ಲದು ಯಾರು?”

ಆ ಒಂದೇ ಮಾತು ಎಂದೆನಲ್ಲ, ಇದೇ. ತಪ್ಪು ಭಟ್ಟರದ್ದಲ್ಲ, ನಮ್ಮ ಮಾತಿನದ್ದು. ಮೆದುಳಿನಿಂದ ಸುದ್ದಿ ಒಯ್ಯುವ ತಂತುವಿಗೂ ನರ ಎನ್ನುತ್ತೇವೆ. ಇಂಜೆಕ್ಷನ್ ಕೊಡುವ ನರ್ಸ್ ‘ನರ ಸಿಗ್ತಿಲ್ಲ’ ಎನ್ನುವುದು ರಕ್ತನಾಳಕ್ಕೆ. ವೆರಿಕೋಸ್ ವೇನ್ ಎಂದರೆ ಈ ಎರಡನೆಯದು, ಕಾಲಿನಿಂದ ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ನಾಳ. ಇಷ್ಟನ್ನೂ ಹೇಳಿದೆ. ತಲೆ ಆಡಿಸಿದರು, ನಂಬಲಿಲ್ಲ.

ಆಗ ಕೇಳಿದೆ: “ನಿಮ್ಮ ಕಡೆ ಬೈಪಾಸ್ ಆದವರು ಯಾರಾದರೂ ಇದ್ದಾರಾ?”

“ನಮ್ಮ ಭಾವಂಗೆ ಆಜು.”

“ಹೃದಯಕ್ಕೆ ಜೋಡಿಸಿದ ನಾಳ ಎಲ್ಲಿಂದ ತೆಗೆದರು?”

“ಕಾಲಿಂದ...” ಎಂದವರು ನಿಲ್ಲಿಸಿದರು. ಭಾವನ ಕಾಲಿನ ಉದ್ದದ ಹೊಲಿಗೆ ಗುರುತು ಅವರೇ ನೋಡಿದ್ದರು. ಭಾವ ಈಗಲೂ ದಿನಾ ತೋಟಕ್ಕೆ ಇಳಿದು ಹತ್ತುತ್ತಾರೆ. ಬೈಪಾಸ್‌ಗೆ ಸಾಮಾನ್ಯವಾಗಿ ತೆಗೆಯುವುದು ಪಾದದ ಗಂಟಿನಿಂದ ತೊಡೆಸಂದಿಯವರೆಗೆ ಹೋಗುವ ಉದ್ದ ನಾಳವನ್ನು. ಹೆಚ್ಚಿನವರಲ್ಲಿ ಉಬ್ಬುವುದೂ ಅದೇ.

ಮುಂದಿನ ಪ್ರಶ್ನೆ ಅವರದ್ದೇ: ಅದನ್ನು ಕಿತ್ತರೆ ರಕ್ತ ಎಲ್ಲಿ ಹೋಗಬೇಕು? ಕಾಲಿನ ರಕ್ತದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮೇಲೇರುವುದು ಸ್ನಾಯುಗಳ ನಡುವಿನ ಆಳದ ನಾಳಗಳಲ್ಲಿ. ಮೀನಖಂಡ ಹಿಂಡಿದಾಗ ರಕ್ತ ಮೇಲೆ ಹೋಗುತ್ತದೆ, ಒಳಗಿನ ಕವಾಟಗಳು ಅದನ್ನು ಕೆಳಗೆ ಬೀಳದಂತೆ ತಡೆಯುತ್ತವೆ. ಕವಾಟ ಕೆಟ್ಟ ನಾಳದಲ್ಲಿ ರಕ್ತ ಕೆಳಗೇ ಜಾರಿ ನಿಲ್ಲುತ್ತದೆ. ಅದರ ಒತ್ತಡಕ್ಕೆ ಬಾವು, ತುರಿಕೆ, ಕಪ್ಪು ಚರ್ಮ, ಕೊನೆಗೆ ಹುಣ್ಣು. “ಅಂದ್ರೆ ಬಸಿಗಾಲುವೆ ನೀರು ತಿರುಗಿ ತೋಟಕ್ಕೇ ನುಗ್ಗಿದ ಹಾಂಗೆ” ಎಂದರು ಭಟ್ಟರು. ನನಗಿಂತ ಚೆನ್ನಾಗಿ ಹೇಳಿದರು.

ಇಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಆ ನಾಳದ ಪಕ್ಕದಲ್ಲೇ ನಿಜವಾದ ನರವೂ ಒಂದು ಹೋಗುತ್ತದೆ, ಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟಾದರೆ ಚರ್ಮದ ಒಂದು ಪಟ್ಟಿ ಜೋಮು ಹಿಡಿದಂತೆ ಇರಬಹುದು ಎಂದೆ. ಅದು ಸ್ಪರ್ಶ ತಿಳಿಸುವ ನರ, ಕಾಲು ಎತ್ತಿಳಿಸುವುದಲ್ಲ, ನಡೆಯಲು ತೊಂದರೆ ಇಲ್ಲ ಎಂದೂ ಹೇಳಿದೆ. ಸಹೋದ್ಯೋಗಿಯೊಬ್ಬರು ಇದಕ್ಕೆ ಬೈದರು. ಹೆದರಿದವರಿಗೆ ಇನ್ನಷ್ಟು ಹೆದರಿಸಬೇಕಿತ್ತಾ, ಕಾಲಿನ ಪಾಠ ನಿಮ್ಮ ಕೆಲಸವಾ ಎಂದರು. ಯಾವ ಚಿಕಿತ್ಸೆ ಎಂದು ಹೇಳುವುದು ನನ್ನ ಕೆಲಸವಲ್ಲ, ಹೇಳಲೂ ಇಲ್ಲ. ಆದರೆ ಅರ್ಧ ಸತ್ಯ ಹೇಳಿ ಕಳಿಸಿದರೆ, ಉಳಿದರ್ಧವನ್ನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ದೊಡ್ಡದು ಮಾಡಿ ಹೇಳುತ್ತಾರೆ. ಚೀಟಿ ಮತ್ತೆ ದೇವರ ಗೂಡಿಗೆ ಹೋಗುತ್ತದೆ.

ಕೊಟ್ಟ ಸಲಹೆ ಇಷ್ಟು. ಸೊಪ್ಪು ಹಚ್ಚುವುದು ನಿಲ್ಲಿಸಿ. ಮೊದಲು ಸ್ಕ್ಯಾನ್. ಕೀಳುವುದೊಂದೇ ದಾರಿಯಲ್ಲ, ಲೇಸರ್ ಅಥವಾ ರೇಡಿಯೋ ತರಂಗದ ಬಿಸಿಯಿಂದ ನಾಳವನ್ನು ಒಳಗೇ ಮುಚ್ಚುತ್ತಾರೆ, ನೊರೆ ಔಷಧಿಯ ಇಂಜೆಕ್ಷನ್ನೂ ಇದೆ, ‘ನನಗೆ ಯಾವುದು’ ಎಂದು ಡಾಕ್ಟರನ್ನೇ ಕೇಳಿ. ಬಿಗಿ ಕಾಲುಚೀಲವನ್ನು ನೀವಾಗೇ ಕೊಂಡು ಹಾಕಬೇಡಿ. ಪಾದಕ್ಕೆ ಬರುವ ರಕ್ತ ಸರಿಯಿದೆಯಾ ಎಂದು ನೋಡಿಯೇ ಅದನ್ನು ಕೊಡಬೇಕು. ಕೊಟ್ಟರೆ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಏರಿಸಿಕೊಳ್ಳಿ. ತರಕಾರಿ ಹೆಚ್ಚುವುದು ಸ್ಟೂಲಿನ ಮೇಲೆ ಕೂತು. ಒಂದೇ ಕಡೆ ನಿಲ್ಲುವುದಕ್ಕಿಂತ ಓಡಾಡುವುದು ಒಳ್ಳೆಯದು. ಮಧ್ಯಾಹ್ನ ಮಲಗಿ ಕಾಲನ್ನು ಎದೆಗಿಂತ ಎತ್ತರಕ್ಕಿಡಿ. ಉಬ್ಬಿದ್ದು ಒಡೆದು ರಕ್ತ ಚಿಮ್ಮಿದರೆ ಮಲಗಿ, ಕಾಲೆತ್ತಿ, ಬಟ್ಟೆಯಿಂದ ಒತ್ತಿ ಹಿಡಿಯಿರಿ, ಆಮೇಲೆ ಆಸ್ಪತ್ರೆಗೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ ಅದು ಬೇರೆ ಅಪಾಯ, ಅದೇ ದಿನ ತೋರಿಸಿ. ಉಸಿರು ಕಟ್ಟಿದರಂತೂ ಒಂದು ನಿಮಿಷವೂ ಕಾಯಬೇಡಿ.

ಹುಣ್ಣು ಮಾಗಿದ ಮೇಲೆ ನೋಡೋಣ ಎಂದು ಭಟ್ಟರು ಮತ್ತೆ ಎಳೆದರು. ಇಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಬ್ರಿಟನ್‌ನಲ್ಲಿ ಇಂಥ ಹುಣ್ಣಿದ್ದ 450 ಜನರ ಮೇಲೆ ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಗಿದೆ. ಎಲ್ಲರಿಗೂ ಬಿಗಿ ಪಟ್ಟಿ ಕಟ್ಟಿದ್ದರು. ಜೊತೆಗೆ ನಾಳವನ್ನೂ ಬೇಗ ಮುಚ್ಚಿದವರಲ್ಲಿ ಅರ್ಧದಷ್ಟು ಮಂದಿಯ ಹುಣ್ಣು 56 ದಿನದೊಳಗೆ ಮಾಗಿತ್ತು, ಕಾದವರಲ್ಲಿ ಅದಕ್ಕೆ 82 ದಿನ ಬೇಕಾಯಿತು.

ಮಗ ರಜೆ ಹಾಕಿ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಲೇಸರ್ ಆಯಿತು, ಅದೇ ದಿನ ನಡೆಸಿದರು. ಹುಣ್ಣು ಮಾಗಲು ಎರಡು ತಿಂಗಳ ಮೇಲೆ ಹಿಡಿಯಿತು. ಗಂಟಿನ ಹತ್ತಿರ ಸ್ವಲ್ಪ ಜೋಮು ಇದೆಯಂತೆ. “ನೀ ಹೇಳಿದ್ದೇಯಲೇ” ಎಂದು ನಕ್ಕರು. ಪಂಚೆಗೆ ಮರಳಿದ್ದಾರೆ, ಒಳಗೆ ಕಾಲುಚೀಲ. ಒಲೆಯ ಬಿಸಿಗೆ ಅದು ದೊಡ್ಡ ಹಿಂಸೆ ಎಂಬ ದೂರು ಇದ್ದೇ ಇದೆ.

ಬಲಗಾಲಿಗೂ ಶುರುವಾಗಿದೆ ಎಂದು ಸ್ಕ್ಯಾನ್ ಹೇಳಿದೆ. ಮದುವೆ ಸೀಸನ್ ಮುಗಿಯಲಿ ಎನ್ನುತ್ತಿದ್ದಾರೆ. ಯಾವ ತಿಂಗಳು ಎಂದು ಕೇಳಿದೆ. ಜೂನ್ ಎಂದರು. ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.