ಕಾಪಿ ಮಾಡಿದ್ದು ಕಳೆದುಹೋಗದಿರಲು

ಪ್ರಶ್ನೆ: ಡಿಟಿಪಿ ಅಂಗಡಿ ಇದೆ. ಕರಾರುಪತ್ರ ಟೈಪ್ ಮಾಡುವಾಗ ಹೆಸರು, ವಿಳಾಸ, ಸರ್ವೆ ನಂಬರ್ ಒಂದೊಂದನ್ನೇ ಕಾಪಿ ಮಾಡಬೇಕು. ಹೊಸದು ಬಂದ ಕೂಡಲೇ ಹಳೆಯದು ಮಾಯ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಸಾಲು ಬೇರೆಡೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಏನು ಮಾಡಲಿ?
— ಓದುಗರು, ಹಾಸನ

ಉತ್ತರ: ವಿಂಡೋಸ್ 10 ಅಥವಾ 11 ಇದ್ದರೆ ಹೊಸ ತಂತ್ರಾಂಶವೇ ಬೇಡ. ವಿಂಡೋಸ್ ಕೀ ಹಿಡಿದು ‘ವಿ’ ಒತ್ತಿ, ‘ಟರ್ನ್ ಆನ್’ ಕ್ಲಿಕ್ ಮಾಡಿ. ಇನ್ನು ಮುಂದೆ ಕೊನೆಯ 25 ಕಾಪಿಗಳು ಉಳಿಯುತ್ತವೆ. ಹಳೆಯ ಪತ್ರದಿಂದ ಹೆಸರು, ತಂದೆಯ ಹೆಸರು, ಸರ್ವೆ ನಂಬರ್, ಚೆಕ್ಕುಬಂದಿ ಎಲ್ಲವನ್ನೂ ಸಾಲಾಗಿ ಕಾಪಿ ಮಾಡಿಕೊಳ್ಳಿ. ಆಮೇಲೆ ಹೊಸ ಪತ್ರ ತೆರೆದು ಅದೇ ಕೀಲಿಗಳಿಂದ ಪಟ್ಟಿ ತೆಗೆದು ಬೇಕಾದ್ದನ್ನು ಆರಿಸಿ. ಎರಡು ಪತ್ರಗಳ ನಡುವೆ ಓಡಾಡುವುದು ತಪ್ಪುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಪಟ್ಟಿ ಖಾಲಿ. ಪಿನ್ ಮಾಡಿದ್ದು (ಪಟ್ಟಿಯಲ್ಲಿ ಪಿನ್ ಗುರುತು ಒತ್ತಿ ಉಳಿಸಿಕೊಂಡದ್ದು) ಮಾತ್ರ ಇರುತ್ತದೆ. ಆದ್ದರಿಂದ ದಿನವೂ ಬೇಕಾಗುವ ಒಕ್ಕಣೆಗಳನ್ನು ಪಿನ್ ಮಾಡಿ.

ಇಷ್ಟು ಸಾಲದಿದ್ದರೆ ‘ಡಿಟ್ಟೊ’ ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದು ಉಚಿತ, ಹಳೆಯ ಕಾಪಿಗಳನ್ನು ಹುಡುಕಬಹುದು, ರೀಸ್ಟಾರ್ಟ್ ಆದರೂ ಅಳಿಯದು.

ನುಡಿಯ ತೊಂದರೆಗೆ ಕ್ಲಿಪ್‌ಬೋರ್ಡ್ (ಕಾಪಿ ಮಾಡಿದ್ದು ಕೂರುವ ಜಾಗ) ಕಾರಣವಲ್ಲ. ಹಳೆಯ ನುಡಿ ಫಾಂಟ್‌ಗಳಲ್ಲಿ ಒಳಗಿರುವುದು ರೋಮನ್ ಸಂಕೇತಗಳು. ಕನ್ನಡದ ರೂಪ ಕೊಡುವುದು ಫಾಂಟ್. ಅದು ಬಿಟ್ಟುಹೋದರೆ ಸಂಕೇತಗಳೇ ಕಾಣುತ್ತವೆ. ಮೊದಲು ಪರಿವರ್ತಕ ತಂತ್ರಾಂಶದಲ್ಲಿ ಅದನ್ನು ಯೂನಿಕೋಡ್‌ಗೆ (ಎಲ್ಲೆಡೆ ಕನ್ನಡವಾಗಿಯೇ ಉಳಿಯುವ ಸಂಕೇತಕ್ಕೆ) ಬದಲಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ನೋಡಿ, ಆಮೇಲೆ ಪಿನ್ ಮಾಡಿ.

ಗಿರಾಕಿಗಳ ಆಧಾರ್ ಸಂಖ್ಯೆ, ಪಾಸ್‌ವರ್ಡ್ ಕೂಡ ಈ ಪಟ್ಟಿಯಲ್ಲಿ ಕೂರುತ್ತವೆ. ಕೆಲಸ ಮುಗಿದ ತಕ್ಷಣ ‘ಕ್ಲಿಯರ್ ಆಲ್’ ಒತ್ತಲೇಬೇಕು.